ಫೈಲು ‘ಭ್ರಷ್ಟ’ ಆಗುತ್ತದಾ, ‘ಕೆಟ್ಟು’ ಹೋಗುತ್ತದಾ?

ಕಂಪ್ಯೂಟರಿನ ಫೈಲು ‘ಕರಪ್ಟ್’ ಆಯಿತು ಅನ್ನುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಭ್ರಷ್ಟ’ ಅಂತ ಅಲ್ಲಲ್ಲಿ ಓದುತ್ತಿದ್ದೇನೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಕಾರಣ ಬರೆಯುತ್ತೇನೆ. ನಿಮ್ಮ ಕಡೆ ಏನನ್ನುತ್ತೀರಿ, ತಿಳಿಸಿ.

ನಾನಿರುವುದು ಹಾಸನದಲ್ಲಿ. ಅಪ್ಪ ಅಮ್ಮ ಸಕಲೇಶಪುರದ ಹತ್ತಿರ ಊರಮನೆಯಲ್ಲಿದ್ದಾರೆ. ಜೂನ್ ತಿಂಗಳ ಮಳೆ ಹಿಡಿದಿತ್ತು. ರಾತ್ರಿ ಅಪ್ಪ ಕಂಪ್ಯೂಟರ್ ಆರಿಸಲು ಹೋದಾಗ ಅದು ಅಪ್‌ಡೇಟ್ ಶುರು ಮಾಡಿಕೊಂಡಿದೆ. ಅರ್ಧದಲ್ಲಿ ಕರೆಂಟ್ ಹೋಗಿದೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಮಾರನೇ ದಿನ ಪ್ರಿಂಟರ್ ಇಲ್ಲ, ಸೆಟ್ಟಿಂಗ್ಸ್ ತೆರೆದರೆ ತಕ್ಷಣ ಮುಚ್ಚಿಕೊಳ್ಳುತ್ತದೆ. ಪೇಟೆಯ ಅಂಗಡಿಯಲ್ಲಿ ಕೇಳಿದರೆ ‘ಸಿಸ್ಟಂ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೆದುಬಿಡಿ’ ಅಂದರಂತೆ.

ವಿಂಡೋಸಿನ ಮುಖ್ಯ ಫೈಲುಗಳನ್ನು ತಪಾಸಣೆ ಮಾಡುವ ಎಸ್‌ಎಫ್‌ಸಿ ಎಂಬ ಕಮಾಂಡನ್ನು ಓಡಿಸುವುದು ಹೇಗೆ ಅಂತ ನಾನು ಫೋನಿನಲ್ಲೇ ಒಂದೊಂದಾಗಿ ಹೇಳಿದೆ. ಕಮಾಂಡ್ ಬರೆಯುವ ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟನ್ನು, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಸ್‌ಎಫ್‌ಸಿ ಅಂತ ಬರೆದು ಒಂದು ಜಾಗ ಬಿಡಿ. ಓರೆ ಗೆರೆ ಹಾಕಿ ಸ್ಕ್ಯಾನ್‌ನೌ ಅಂತ ಸೇರಿಸಿಯೇ ಬರೆಯಿರಿ. ಅಪ್ಪ ಒಂದೊಂದು ಅಕ್ಷರವನ್ನೂ ಜೋರಾಗಿ ಹೇಳಿಕೊಂಡು ಒತ್ತಿದರು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ನನಗೂ ಕೇಳುತ್ತಿತ್ತು. ನೂರಕ್ಕೆ ನೂರು ಆದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಅಪ್ಪ ಇನ್ನೊಂದು ಮೊಬೈಲ್ ಹಿಡಿದು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದರು: ‘ಭ್ರಷ್ಟ ಫೈಲ್‌ಗಳು ಕಂಡುಬಂದಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ.’ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, ‘ನಾನು ಒತ್ತಬಾರದ್ದು ಏನಾದರೂ ಒತ್ತಿದೆನಾ?’

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕರೆಂಟ್ ಹೋಗಿದ್ದರಿಂದ ಆದ ತೊಂದರೆ ಅದು. ‘ಭ್ರಷ್ಟ’ ಎಂಬ ಒಂದು ಮಾತು ಅದನ್ನು ಅವರ ತಪ್ಪು ಅನ್ನುವ ಹಾಗೆ ಮಾಡಿತು.

ಭ್ರಷ್ಟ ಅಂದರೆ ಮೂಲದಲ್ಲಿ ಜಾರಿ ಬಿದ್ದದ್ದು. ಸಂಸ್ಕೃತದ ‘ಭ್ರಂಶ್’ ಧಾತುವಿನಿಂದ ಬಂದದ್ದು. ಅಪಭ್ರಂಶವೂ ಅಲ್ಲಿಂದಲೇ. ಪದಭ್ರಷ್ಟ, ಧರ್ಮಭ್ರಷ್ಟ, ಜಾತಿಭ್ರಷ್ಟ ಅನ್ನುವಾಗ ಇರಬೇಕಾದ ಜಾಗದಿಂದ ಕೆಳಗೆ ಬಿದ್ದವನು ಅಂತ ಅರ್ಥ. ಈಗಂತೂ ಲಂಚದ ಅರ್ಥವೇ ಜಾಸ್ತಿ. ಇಂಗ್ಲಿಷ್ ಪದದ ಲ್ಯಾಟಿನ್ ಬೇರು ‘ರುಂಪೆರೆ’. ಅದಕ್ಕೆ ಮುರಿ, ಒಡೆ ಅಂತ ಅರ್ಥ. ಇಂಗ್ಲಿಷಿನಲ್ಲಿ ಆ ಒಂದೇ ಪದ ಲಂಚಕ್ಕೂ ಆಗುತ್ತದೆ, ಫೈಲಿಗೂ ಆಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಯಾಕೆ ಬೇಕು?

‘ಹಾಳಾದ ಫೈಲು’ ಅನ್ನಬಹುದಾ? ಹಾಳು ಹಳಗನ್ನಡದ ‘ಪಾೞ್’. ಹಾಳೂರು, ಹಾಳುಬಿದ್ದ ಮನೆ. ಅಲ್ಲಿ ಇನ್ನೇನೂ ಉಳಿದಿಲ್ಲ ಅನ್ನುವ ಧ್ವನಿ ಇದೆ. ಸರಿಮಾಡಲು ಬರುವ ಫೈಲಿಗೆ ಅದು ಜಾಸ್ತಿಯಾಯಿತು.

ಅಪ್ಪನೇ ಒಂದು ಪದ ಕೊಟ್ಟರು, ‘ಹುಳುಕು’. ಬೋರರ್ ಹುಳ ಹೊಡೆದ ಕಾಫಿ ಹಣ್ಣು ನೋಡಿದ್ದೀರಲ್ವಾ? ಮೇಲೆ ಕೆಂಪಗೆ ಚೆನ್ನಾಗಿಯೇ ಇರುತ್ತದೆ. ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಬಿಡಿಸಿದರೆ ಒಳಗೆ ಬೀಜ ಪುಡಿ. ಫೈಲೂ ಹಾಗೇ. ಹೆಸರು ಅದೇ, ಒಳಗೆ ಮಾತ್ರ ಏನೋ ಬದಲಾಗಿದೆ. ತುಂಬ ಚೆನ್ನಾದ ಪದ. ಆದರೆ ಹುಳುಕು ಅಂದ ಕೂಡಲೇ ಹುಳ ನೆನಪಾಗುತ್ತದೆ, ವೈರಸ್ ಬಂದಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ಮನಸ್ಸಿಲ್ಲದಿದ್ದರೂ ಬಿಟ್ಟೆ.

ಉಳಿಯುವುದು ‘ಕೆಡು’. ಗಾಡಿ ಕೆಟ್ಟಿದೆ, ಪಂಪು ಕೆಟ್ಟಿದೆ, ಹೊಟ್ಟೆ ಕೆಟ್ಟಿದೆ. ಇವೆಲ್ಲ ಸರಿಹೋಗುವಂಥವು. ಹಾಲು ಕೆಟ್ಟರೆ ಮಾತ್ರ ದಾರಿಯಿಲ್ಲ. ‘ಕೆಟ್ಟು ಪಟ್ಟಣ ಸೇರು’ ಅನ್ನುವ ಗಾದೆಯಲ್ಲೂ ಕೆಟ್ಟವನಿಗೆ ಇನ್ನೊಂದು ದಾರಿ ಇದೆ. ಒಂದು ಎಚ್ಚರ ಬೇಕು. ‘ಕೆಟ್ಟ ಫೈಲು’ ಅಂದರೆ ಕೇಡು ಮಾಡುವ ಫೈಲು ಅನಿಸುತ್ತದೆ, ಕೆಟ್ಟ ಹುಡುಗ ಅಂದ ಹಾಗೆ. ‘ಕೆಟ್ಟುಹೋದ ಫೈಲು’, ‘ಫೈಲು ಕೆಟ್ಟಿದೆ’ ಅಂದರೆ ಆ ಗೊಂದಲ ಇಲ್ಲ. ‘ಹೋಗು’ ಸೇರಿದಾಗ ಅದು ತಾನಾಗಿ ಆದದ್ದು ಅನ್ನುವುದೂ ಬರುತ್ತದೆ. ಯಾರೂ ಕೆಡಿಸಿದ್ದಲ್ಲ. ಅಪ್ಪನಿಗೆ ಆ ಹೊತ್ತು ಬೇಕಾಗಿದ್ದದ್ದು ಅದೇ.

ಇನ್ನೊಂದು ಪದವೂ ಬೇಕು. ಈ ಕೆಲಸವನ್ನು ‘ದುರಸ್ತಿ’ ಅನ್ನುತ್ತೇವೆ, ‘ರಿಪೇರಿ’ ಅನ್ನುತ್ತೇವೆ. ಆದರೆ ಎಸ್‌ಎಫ್‌ಸಿ ಕೆಟ್ಟುಹೋದ ಫೈಲಿಗೆ ತೇಪೆ ಹಾಕುವುದಿಲ್ಲ. ವಿಂಡೋಸ್ ತನ್ನ ಮುಖ್ಯ ಫೈಲುಗಳ ಒಳ್ಳೆಯ ಪ್ರತಿಗಳನ್ನು ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಎಸ್‌ಎಫ್‌ಸಿ ಒಂದೊಂದೇ ಫೈಲನ್ನು ನೋಡಿ, ಗುರುತು ತಾಳೆಯಾಗದಿದ್ದರೆ ಅದನ್ನು ತೆಗೆದು ಅಲ್ಲಿಂದ ಒಳ್ಳೆಯದನ್ನು ತಂದು ಕೂರಿಸುತ್ತದೆ. ಆ ದಾಸ್ತಾನೇ ಕೆಟ್ಟಿದ್ದರೆ? ಆಗ ಡಿಸ್ಮ್ ಎಂಬ ಇನ್ನೊಂದು ಕಮಾಂಡ್ ಬೇಕು. ರಿಸ್ಟೋರ್‌ಹೆಲ್ತ್ ಅಂತ ಜೊತೆಗೆ ಕೊಟ್ಟರೆ ಅದು ಇಂಟರ್ನೆಟ್ಟಿನಿಂದ ಒಳ್ಳೆಯ ಪ್ರತಿ ತಂದು ದಾಸ್ತಾನು ಸರಿಮಾಡುತ್ತದೆ. ಆಮೇಲೆ ಮತ್ತೆ ಎಸ್‌ಎಫ್‌ಸಿ ಓಡಿಸಬೇಕು.

ಇದನ್ನು ಅಪ್ಪನಿಗೆ ಹೇಳುತ್ತಿದ್ದಾಗ ಅವರು ನಡುವೆ ತಡೆದರು. ‘ಓ, ಹೆಂಚು ಕೈಯಾಡಿಸೋದು ಅನ್ನು.’

ಎಷ್ಟು ಸರಿಯಾದ ಮಾತು! ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಹತ್ತಿ, ಸಾಲು ಸಾಲಾಗಿ ಹೆಂಚು ಎತ್ತಿ ನೋಡಿ, ಒಡೆದದ್ದನ್ನು ತೆಗೆದು ಅಟ್ಟದಲ್ಲಿಟ್ಟ ಒಳ್ಳೆಯದನ್ನು ಹಾಕುತ್ತಾರೆ. ಮನೆ ಕೆಡವುವುದಿಲ್ಲ, ಸಾಮಾನು ಹೊರಗೆ ಹಾಕುವುದಿಲ್ಲ. ಅಟ್ಟದ ಹೆಂಚೂ ಒಡೆದಿದ್ದರೆ ಪೇಟೆಯಿಂದ ತರುತ್ತಾರೆ. ಅಂಗಡಿಯವರು ಹೇಳಿದ ‘ಫಾರ್ಮ್ಯಾಟ್ ಹೊಡೆಯುವುದು’ ಅಂದರೆ ಮಾಡನ್ನೇ ಇಳಿಸಿದ ಹಾಗೆ. ಹೀಗೆ ಹೇಳಿದ ಮೇಲೆ ಅಪ್ಪನಿಗೆ ಭಯ ಹೋಯಿತು. ಅವರ ತೋಟದ ಲೆಕ್ಕ, ಫೋಟೋ ಯಾವುದಕ್ಕೂ ಇದು ಕೈ ಹಾಕುವುದಿಲ್ಲ ಅನ್ನುವುದನ್ನೂ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಡಿಸ್ಮ್ ನೂರಕ್ಕೆ 20ರ ಹತ್ತಿರ ಬಹಳ ಹೊತ್ತು ನಿಂತಿತ್ತು. ‘ಇರಲಿ, ಪೇಟೆಗೆ ಹೋದವರು ಬರಬೇಕಲ್ಲ’ ಅಂತ ಅವರೇ ನನಗೆ ಸಮಾಧಾನ ಹೇಳಿದರು. ಎರಡನೇ ಸಲದ ಎಸ್‌ಎಫ್‌ಸಿ ಮುಗಿದಾಗ ಎಲ್ಲ ಸರಿಯಾಗಿತ್ತು. ಸಂಜೆ ಪ್ರಿಂಟರೂ ಓಡಿತು.

ಈಗ ನನ್ನ ಪ್ರಶ್ನೆ. ‘ಸಿಸ್ಟಂ ಫೈಲು ಕೈಯಾಡಿಸುವುದು’ ಅಂತ ಬರೆದರೆ ಹೆಂಚಿನ ಮನೆ ನೋಡದವರಿಗೆ ಅರ್ಥವಾಗುತ್ತದಾ? ಅವರಿಗೆ ‘ಕೈಯಾಡಿಸು’ ಅಂದರೆ ಸುಮ್ನೆ ಸವರುವುದು, ಅನ್ನ ಕಲಸುವುದು ಇಷ್ಟೇ ಇರಬಹುದು. ಮೂಡಿಗೆರೆ, ಕೊಪ್ಪದ ಕಡೆಯವರು ಹೆಂಚಿನ ಈ ಕೆಲಸಕ್ಕೆ ಇದೇ ಮಾತು ಆಡುತ್ತೀರಾ, ಬೇರೆ ಇದೆಯಾ? ಬಯಲುಸೀಮೆಯಲ್ಲಿ, ಅರಸೀಕೆರೆ, ಕಡೂರಿನ ಕಡೆ, ತೋಟದಲ್ಲಿ ಸತ್ತ ತೆಂಗಿನ ಸಸಿ ಕಿತ್ತು ಅದೇ ಗುಂಡಿಗೆ ಹೊಸದು ಇಡುವುದಕ್ಕೆ ಒಂದೇ ಪದದ ಹೆಸರು ಏನಾದರೂ ಇದ್ದರೆ ಅದನ್ನೂ ಬರೆಯಿರಿ.