ಕೊಳವೆಯೊಳಗಿನ ನೀರು ದಿನಕ್ಕೆ ಎರಡು ಸಲ ಏರಿಳಿಯುತ್ತಿದೆ, ತಲೆ ಕೆಟ್ಟಿದೆ

ಪಾರ್ಕಿಂಗ್_ಗೋಳು (ಹುಬ್ಬಳ್ಳಿ), ಸೋಮವಾರ ರಾತ್ರಿ 10:50

ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಬೋರ್‌ನಲ್ಲಿ ಲೆವೆಲ್ ಸೆನ್ಸರ್ ಇಳಿಬಿಟ್ಟಿದ್ದೇನೆ. 4-20 ಮಿಲಿಆಂಪ್ ಔಟ್‌ಪುಟ್, ಅದನ್ನು ಓದುವ ಬೋರ್ಡ್ ಇಎಸ್‌ಪಿ32, ಹದಿನೈದು ನಿಮಿಷಕ್ಕೊಂದು ರೀಡಿಂಗ್. ಗ್ರಾಫ್ ನೋಡಿದರೆ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಮೂರು-ನಾಲ್ಕು ಸೆಂಟಿಮೀಟರ್. ಮಳೆ ಬರಲಿ ಬಿಡಲಿ. ಇದೇನು ಹುಬ್ಬಳ್ಳಿನೋ ಕಾರವಾರನೋ? ಸೆನ್ಸರ್ ಒಮ್ಮೆ ಬದಲಾಯಿಸಿದೆ, ಹೊಸದೂ ಹಾಗೇ. ಮುಂದಿನ ಭಾನುವಾರ ಅಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ಗ್ರಾಫ್ ತೋರಿಸಬೇಕು. ಹೀಗೇ ತೋರಿಸಿದರೆ ನಗುತ್ತಾರೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಸೋಲ್ಡರ್_ಧಾರವಾಡ, ಸೋಮವಾರ ರಾತ್ರಿ 11:05

ಇಎಸ್‌ಪಿ32ರ ಒಳಗಿನ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ). ಬೇರೇನೂ ಅಲ್ಲ. 150 ಓಮ್ ರೆಸಿಸ್ಟರ್ ಹಾಕಿದ್ದೀರಿ ತಾನೇ? ಆಗ 0.6ರಿಂದ 3.0 ವೋಲ್ಟ್ ಬರುತ್ತದೆ. ಮೇಲಿನ ಭಾಗದಲ್ಲಿ ಆ ಎಡಿಸಿ ನೆಟ್ಟಗಿರುವುದೇ ಇಲ್ಲ. ಹೊರಗಿಂದ ಎಡಿಎಸ್1115 ಎಡಿಸಿ ಚಿಪ್ ಹಾಕಿ, ಮಲಗಿ.

ಕಪ್ಪತಗುಡ್ಡ_ಗಾಳಿ (ಗದಗ), ಮಂಗಳವಾರ ಬೆಳಿಗ್ಗೆ 6:20

ಪಕ್ಕದ ಮನೆಯ ಬೋರ್ ರೀ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಟ್ಯಾಂಕ್ ತುಂಬಿಸುತ್ತಾರೆ. ಅದಕ್ಕೇ ದಿನಕ್ಕೆ ಎರಡು ಸಲ. ನಮ್ಮ ಹೊಲದಲ್ಲೂ ಹೀಗೇ ಆಗಿತ್ತು. ನಾನು ಪಂಪ್ ಶುರು ಮಾಡಿದರೆ ಆಚೆ ಹೊಲದವರ ಬೋರ್ ಬರೀ ಗಾಳಿ ಉಗುಳುತ್ತಿತ್ತು.

ಪಾರ್ಕಿಂಗ್_ಗೋಳು, ಮಂಗಳವಾರ ಬೆಳಿಗ್ಗೆ 8:15

ಎಡಿಎಸ್1115 ಮೊದಲಿಂದಲೂ ಇದೆ. ಅದನ್ನು ಬೇರೆ ಹೇಳಬೇಕಾ? ಪಕ್ಕದಲ್ಲಿ ಬೋರ್ ಇದೆ, ಆದರೆ 300 ಅಡಿ. ನಮ್ಮದು 18 ಅಡಿ.

ಎರೆಮಣ್ಣು (ಹುಬ್ಬಳ್ಳಿ), ಮಂಗಳವಾರ ಬೆಳಿಗ್ಗೆ 8:40

18 ಅಡಿಯಾ? ಅದಕ್ಕೆ ಬೋರ್ ಅಂದರೆ ಹೇಗೆ ಅಣ್ಣಾ. ಎಲ್ಲರೂ ಪಂಪಿನ ಹಿಂದೆ ಓಡುತ್ತಿದ್ದಾರೆ ನೋಡಿ. ಜಾಗ ಎಂಥದ್ದು? ಕೆಳಗೆ ಎರೆ ಮಣ್ಣಾ, ಗರಸಾ, ತುಂಬಿದ ಮಣ್ಣಾ? ಪೈಪ್ ಎಷ್ಟು ಇಂಚು, ತೂತು ಎಲ್ಲಿಂದ ಎಲ್ಲಿವರೆಗೆ? ಏರುವುದು ಎಷ್ಟು ಗಂಟೆಗೆ, ಇಳಿಯುವುದು ಎಷ್ಟು ಗಂಟೆಗೆ?

ಪಾರ್ಕಿಂಗ್_ಗೋಳು, ಮಂಗಳವಾರ ಬೆಳಿಗ್ಗೆ 9:30

ಕೆರೆ ಮುಚ್ಚಿ ಮಾಡಿದ ಲೇಔಟ್. ಹೇಳಿದ್ದೆ ಅಂದುಕೊಂಡಿದ್ದೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪ್ರತಿ ಆಗಸ್ಟ್ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅರ್ಧ ಜನ ಮಳೆನೀರು ಗಟಾರದಿಂದ ನುಗ್ಗುತ್ತದೆ ಅನ್ನುತ್ತಾರೆ, ಇನ್ನರ್ಧ ಜನ ಕೆಳಗಿಂದ ಉಕ್ಕುತ್ತದೆ ಅನ್ನುತ್ತಾರೆ. ಗಟಾರ ಎತ್ತರಿಸಬೇಕಾ, ಸಂಪ್ ತೋಡಿ ಪಂಪ್ ಇಡಬೇಕಾ ಅನ್ನುವುದೇ ಜಗಳ. ಅದಕ್ಕೇ ಈ ಕೊಳವೆ. ನಾಲ್ಕು ಇಂಚು ಪಿವಿಸಿ, ಕೆಳಗಿನ 10 ಅಡಿ ತೂತು, ಸುತ್ತ ಜಲ್ಲಿ. ಸೆನ್ಸರ್ 16 ಅಡಿಯಲ್ಲಿದೆ, ನೀರು 7 ಅಡಿಗೇ ಸಿಗುತ್ತದೆ.

ಏರುವುದು ಬೆಳಿಗ್ಗೆ 10ರ ಸುಮಾರು, ರಾತ್ರಿ 10ರ ಸುಮಾರು. ಇಳಿಯುವುದು 4ಕ್ಕೆ, ಎರಡೂ ಹೊತ್ತು.

ಕಪ್ಪತಗುಡ್ಡ_ಗಾಳಿ, ಮಂಗಳವಾರ ಬೆಳಿಗ್ಗೆ 10:02

ನೋಡಿದಿರಾ! ಬೆಳಿಗ್ಗೆ ಪಂಪ್ ನಿಲ್ಲಿಸುತ್ತಾರೆ, ನೀರು ಏರುತ್ತದೆ. ಸಂಜೆ ಮತ್ತೆ ಚಾಲೂ.

ಎರೆಮಣ್ಣು, ಮಂಗಳವಾರ ಬೆಳಿಗ್ಗೆ 10:10

ನಸುಕಿನ 4ಕ್ಕೆ ಯಾರು ಪಂಪ್ ಹಚ್ಚುತ್ತಾರೆ? ಅದೂ ಭಾನುವಾರ ಬಿಡದೆ, ಕರೆಂಟ್ ಹೋದ ದಿನವೂ ಬಿಡದೆ? 300 ಅಡಿಯ ನೀರು ಬಂಡೆ ಬಿರುಕಿನಲ್ಲಿದೆ. ಇವರದು ಕೆರೆಯ ಬಟ್ಟಲಲ್ಲಿ ನಿಂತ ನೀರು. ತಳದಲ್ಲಿ ಹಳೇ ಕೆರೆಯ ಹೂಳು, ತಾಡಪತ್ರಿ ಹಾಸಿದ ಹಾಗೆ. ಅದರ ಮೇಲೆ ಸುರಿದ ಕಲ್ಲು, ಇಟ್ಟಂಗಿ ಚೂರು, ಗರಸು, ಎಲ್ಲಾ ಜರಡಿ ಇದ್ದ ಹಾಗೆ. ಮೇಲಿಂದ ಬಿದ್ದದ್ದು ಜರಡಿ ದಾಟಿ ಹೂಳಿನ ಮೇಲೆ ಕೂತುಬಿಡುತ್ತದೆ. ಕೆರೆಯನ್ನು ಮುಚ್ಚಿದ್ದೇವೆ ಅಂತ ನಾವು ತಿಳಿದಿದ್ದೇವೆ, ಕೆರೆಗೆ ಅದು ಗೊತ್ತಿಲ್ಲ.

ಸೋಲ್ಡರ್_ಧಾರವಾಡ, ಮಂಗಳವಾರ ಮಧ್ಯಾಹ್ನ 1:15

ಪವರ್ ಸಪ್ಲೈ ಯಾವುದು? ಅಗ್ಗದ 24 ವೋಲ್ಟ್ ಅಡಾಪ್ಟರ್ ಆಗಿದ್ದರೆ ರಾತ್ರಿ ಮೇನ್ಸ್ ವೋಲ್ಟೇಜ್ ಏರಿದಾಗ ಅದೂ ಏರುತ್ತದೆ. ನನ್ನ ಬಳಿ ಆರು ಸೆನ್ಸರ್ ನೋಡ್ ಇವೆ. ಎಲ್ಲಾ ಸೋಲಾರ್, ಎಲ್ಲಾ 18650 ಸೆಲ್, ಲೋರಾ ರೇಡಿಯೋ. ಮನೆ ಮಾಳಿಗೆ ಮೇಲೆ ಸಿಗ್ನಲ್ ಹಿಡಿಯುವ ಗೇಟ್‌ವೇ. ಕೆಲಗೇರಿ ಕಡೆಯಿಂದಲೂ ಸಿಗ್ನಲ್ ಬರುತ್ತದೆ. ಎರಡು ವರ್ಷದಿಂದ ಒಂದು ಪ್ಯಾಕೆಟ್ ತಪ್ಪಿಲ್ಲ.

ಏಲಕ್ಕಿ_ಹಾವೇರಿ, ಮಂಗಳವಾರ ಮಧ್ಯಾಹ್ನ 1:40

ಒಂದು ಪ್ಯಾಕೆಟ್ ಕೂಡಾ ತಪ್ಪಿಲ್ಲವಾ? ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಗಾಳಿಗೆ ಆ್ಯಂಟೆನಾ ಬಿತ್ತು ಅಂತ ಅತ್ತಿದ್ದಿರಲ್ಲ ಸರ್.

ಸೋಲ್ಡರ್_ಧಾರವಾಡ, ಮಂಗಳವಾರ ಮಧ್ಯಾಹ್ನ 1:44

ಅದು ಬೇರೆ ಗೇಟ್‌ವೇ.

ಹಳೇ_ಟೇಪು, ಮಂಗಳವಾರ ಸಂಜೆ 5:30

ತಮ್ಮಾ, ಸೆನ್ಸರ್ ಬಿಡು. ಕೈಯಿಂದ ಅಳೆದು ನೋಡಿದ್ದೀಯಾ? ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿ, ಪೈಪಿನ ಬಾಯಿಗೆ ಒಂದು ಗುರುತು ಮಾಡಿಕೊಂಡು ಇಳಿಬಿಡು, ಒದ್ದೆಯಾದ ಗೆರೆ ಓದು. ಬೆಳಿಗ್ಗೆ 10ಕ್ಕೆ ಒಂದು ಸಲ, ಸಂಜೆ 4ಕ್ಕೆ ಒಂದು ಸಲ. ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಬಾವಿ ಅಳೆಯುತ್ತಾರೆ, ಎಷ್ಟೋ ಕಡೆ ಇವತ್ತಿಗೂ ಟೇಪೇ.

ನನ್ನ ಮಗ ಬಾಸ್ಟನ್‌ನಲ್ಲಿದ್ದಾನೆ. ಹೋದ ವರ್ಷ ಹೋಗಿದ್ದೆ. ಅಲ್ಲಿ ಬ್ಯಾಕ್ ಬೇ ಅನ್ನುವ ಇಡೀ ಬಡಾವಣೆ 19ನೇ ಶತಮಾನದಲ್ಲಿ ಜೌಗು ತುಂಬಿ ಮಾಡಿದ್ದು. ಕಟ್ಟಡಗಳೆಲ್ಲಾ ಮರದ ಕಂಬಗಳ ಮೇಲೆ ನಿಂತಿವೆ. ಟ್ರಿನಿಟಿ ಚರ್ಚ್ ಒಂದಕ್ಕೇ ಸುಮಾರು 4,500 ಕಂಬ. ನೀರಲ್ಲಿ ಮುಳುಗಿರುವವರೆಗೆ ಮರ ಕೊಳೆಯುವುದಿಲ್ಲ. ನೀರು ಇಳಿದು ತುದಿಗೆ ಗಾಳಿ ತಾಗಿತೋ, ಕೊಳೆಯಿತು. 1929ರಲ್ಲಿ ಅಲ್ಲಿಯ ಸಾರ್ವಜನಿಕ ಗ್ರಂಥಾಲಯ ಬಿರುಕು ಬಿಟ್ಟಾಗ ಅಗೆದು ನೋಡಿದರೆ ಕಂಬದ ತಲೆಗಳೇ ಕೊಳೆತಿದ್ದವು. 1986ರಲ್ಲಿ ಇದಕ್ಕಾಗಿಯೇ ಒಂದು ಟ್ರಸ್ಟ್ ಮಾಡಿಕೊಂಡರು. ಈಗ 800ಕ್ಕೂ ಹೆಚ್ಚು ಕೊಳವೆಗಳನ್ನು ಅಳೆಯುತ್ತಾರೆ. ಫುಟ್‌ಪಾತಿನಲ್ಲಿ ಸಣ್ಣ ಕಬ್ಬಿಣದ ಮುಚ್ಚಳ, ಅದರ ಕೆಳಗೆ ಕೊಳವೆ. ನಾನು ಬಗ್ಗಿ ನೋಡುತ್ತಾ ನಿಂತಿದ್ದಕ್ಕೆ ಸೊಸೆಗೆ ಮುಜುಗರವಾಯಿತು.

ಏಲಕ್ಕಿ_ಹಾವೇರಿ, ಮಂಗಳವಾರ ಸಂಜೆ 6:00

ಅಲ್ಲಿ ನೀರು ಇಳಿದರೆ ಗೋಳು, ನಮ್ಮಲ್ಲಿ ಏರಿದರೆ ಗೋಳು. ಕಾಕಾ, ಬಾಸ್ಟನ್ ಫೋಟೋ ಹಾಕಿ.

ಪಾರ್ಕಿಂಗ್_ಗೋಳು, ಬುಧವಾರ ಸಂಜೆ 4:35

ಕಾಕಾ ಹೇಳಿದ ಹಾಗೆ ಅಳೆದೆ. ಬೆಳಿಗ್ಗೆ 10ಕ್ಕೆ 2 ಮೀಟರ್ 13.5 ಸೆಂಟಿಮೀಟರ್. ಈಗ 4ಕ್ಕೆ 2 ಮೀಟರ್ 13.5. ಕೂದಲೆಳೆಯೂ ಬದಲಾಗಿಲ್ಲ. ಅದೇ ಹೊತ್ತಿನಲ್ಲಿ ಸೆನ್ಸರ್ ಪ್ರಕಾರ ನೀರು 3.4 ಸೆಂಟಿಮೀಟರ್ ಇಳಿದಿದೆ. ಅಂದರೆ ನೀರು ಅಲ್ಲಾಡುತ್ತಲೇ ಇಲ್ಲ! ಹಾಗಾದರೆ ಎರಡೂ ಸೆನ್ಸರ್ ಕೆಟ್ಟವೇ?

ಸೋಲ್ಡರ್_ಧಾರವಾಡ, ಬುಧವಾರ ಸಂಜೆ 4:50

ಪವರ್ ಸಪ್ಲೈ. ನಿನ್ನೆಯೇ ಹೇಳಿದೆ.

ಎರೆಮಣ್ಣು, ಬುಧವಾರ ಸಂಜೆ 5:12

ಸಪ್ಲೈ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ. 10 ಮತ್ತು 10ಕ್ಕೆ ಏರಿ, 4 ಮತ್ತು 4ಕ್ಕೆ ಇಳಿಯುವುದು ಗಾಳಿಯ ಒತ್ತಡ. ಬಿಸಿಲಿಗೆ ಇಡೀ ವಾತಾವರಣ ಕಾದು ಆರುವುದರಿಂದ ಏಳುವ ಅಲೆ ಅದು. ನಮ್ಮಂಥ ಬಿಸಿಲು ನಾಡಿನಲ್ಲಿ ಮೂರು-ನಾಲ್ಕು ಹೆಕ್ಟೋಪ್ಯಾಸ್ಕಲ್ ಆಡುತ್ತದೆ. ಒಂದು ಹೆಕ್ಟೋಪ್ಯಾಸ್ಕಲ್ ಅಂದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ನೀರು. ಲೆಕ್ಕ ಕೂಡುತ್ತದೆ.

ಒಂದು ಪ್ರಶ್ನೆ. ಸೆನ್ಸರಿನ ಕೇಬಲ್ ಒಳಗೆ ತಂತಿಗಳ ಜೊತೆ ಸಣ್ಣ ಬಿಳಿ ಪೈಪ್ ಇತ್ತಾ?

ಪಾರ್ಕಿಂಗ್_ಗೋಳು, ಬುಧವಾರ ಸಂಜೆ 5:40

ಇತ್ತು. ನೀರು ಹೋಗಬಾರದು ಅಂತ ಅದಕ್ಕೆ ಎಂ-ಸೀಲ್ ಹಾಕಿ ಬಂದ್ ಮಾಡಿದೆ. ಎರಡೂ ಸೆನ್ಸರಿಗೆ. ಯಾಕೆ?

ಏಲಕ್ಕಿ_ಹಾವೇರಿ, ಬುಧವಾರ ಸಂಜೆ 5:41

ಅಯ್ಯೋ.

ಎರೆಮಣ್ಣು, ಬುಧವಾರ ಸಂಜೆ 6:05

ಅದು ಸೆನ್ಸರಿನ ಮೂಗು ಅಣ್ಣಾ. ನೀರಿನ ಮೇಲೆ ಗಾಳಿಯ ಭಾರ ಕೂತಿರುತ್ತದೆ. ಆ ಭಾರವೂ ಸೇರಿ ಸೆನ್ಸರಿನ ಪರದೆಯನ್ನು ಒತ್ತುತ್ತದೆ. ಅದೇ ಗಾಳಿ ಬಿಳಿ ಪೈಪಿನಿಂದ ಪರದೆಯ ಹಿಂದೆಯೂ ಬಂದರೆ ಎರಡೂ ಕಳೆದುಹೋಗಿ ಬರೀ ನೀರಿನ ಭಾರ ಉಳಿಯುತ್ತದೆ. ನೀವು ಮೂಗು ಮುಚ್ಚಿದಿರಿ. ಈಗ ನಿಮ್ಮ ಹತ್ತಿರ ಇರುವುದು ಅರ್ಧ ಲೆವೆಲ್ ಸೆನ್ಸರ್, ಅರ್ಧ ಹವಾಮಾನ ಕೇಂದ್ರ.

ಪಾರ್ಕಿಂಗ್_ಗೋಳು, ಬುಧವಾರ ರಾತ್ರಿ 9:20

ನಂಬಿಕೆ ಬರುತ್ತಿಲ್ಲ. ಫೋನಿನ ಹವಾಮಾನ ಆ್ಯಪ್ ನೋಡಿದೆ, ಗಾಳಿಯ ಒತ್ತಡ 1007 ಅಂತಿದೆ. ಮಗಳ ಸ್ಕೂಲ್ ಪ್ರಾಜೆಕ್ಟಿಗೆ ತಂದ ಬಿಎಂಪಿ280 ಒತ್ತಡದ ಸೆನ್ಸರ್ ಹಚ್ಚಿ ನೋಡಿದರೆ 932. ಇದೂ ಕೆಟ್ಟಿದೆಯಾ?

ಹಳೇ_ಟೇಪು, ಬುಧವಾರ ರಾತ್ರಿ 9:45

ಎರಡೂ ಸರಿ ಇವೆ. ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರದಲ್ಲಿದೆ, ಇಲ್ಲಿ ನಿಜವಾದ ಒತ್ತಡ 930ರ ಆಸುಪಾಸೇ ಇರಬೇಕು. ಬಿಎಂಪಿ ಹಾಗೇ ಓಡಲಿ. ನಾಳೆ ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ನೋಡು.

ಕಪ್ಪತಗುಡ್ಡ_ಗಾಳಿ, ಗುರುವಾರ ಬೆಳಿಗ್ಗೆ 6:10

ಪಕ್ಕದವರ ಬೋರ್ ಒಂದು ದಿನ ಬಂದ್ ಮಾಡಿಸಿ ನೋಡುವುದಕ್ಕೆ ಏನು ಕಷ್ಟ?

ಪಾರ್ಕಿಂಗ್_ಗೋಳು, ಶುಕ್ರವಾರ ಬೆಳಿಗ್ಗೆ 10:30

ಎರಡು ಗ್ರಾಫೂ ಅಣ್ಣತಮ್ಮಂದಿರ ಹಾಗಿವೆ. ಎಂ-ಸೀಲ್ ಇರುವ ತುದಿ ಕತ್ತರಿಸಿ ಪೈಪಿನ ಬಾಯಿ ಬಿಡಿಸಿದೆ. ಕತ್ತರಿಸಿದ ಕೂಡಲೇ ರೀಡಿಂಗ್ ಎರಡು ಸೆಂಟಿಮೀಟರ್ ಜಿಗಿಯಿತು. ನಿನ್ನೆಯಿಂದ ಗೆರೆ ಸಪಾಟು. ಟೇಪಿಗೆ ಅರ್ಧ ಸೆಂಟಿಮೀಟರ್ ಒಳಗೇ ಕೂಡುತ್ತದೆ. ಸೆನ್ಸರ್ ಮಾರಿದ ಅಂಗಡಿಯವನಿಗೆ ಸುಮ್ನೆ ಬೈದಿದ್ದೆ, ಇವತ್ತು ಫೋನ್ ಮಾಡಿ ಸಾರಿ ಕೇಳಿದೆ.

ಎರೆಮಣ್ಣು, ಶುಕ್ರವಾರ ಬೆಳಿಗ್ಗೆ 10:48

ಆ ಪೈಪಿನ ತುದಿ ಬಿಸಿಲು ಬೀಳದ ಡಬ್ಬಿಯಲ್ಲಿ ಇರಲಿ. ಹೊಸ ಬೂಟಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬರುತ್ತದಲ್ಲ, ಒಂದೆರಡು ಜೊತೆಗಿಡಿ. ಡಬ್ಬಿಗೆ ಸಣ್ಣ ತೂತು ಇರಲಿ, ತೂತಿಗೆ ಬಲೆ ಇರಲಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ. ಅನುಭವದ ಮಾತು.

ಪಾರ್ಕಿಂಗ್_ಗೋಳು, ಶನಿವಾರ ಬೆಳಿಗ್ಗೆ 7:55

ಹೊಸ ಗೋಳು. ಏರಿಳಿತ ಹೋದ ಮೇಲೆ ಅದರಡಿ ಮುಚ್ಚಿಹೋಗಿದ್ದ ಇನ್ನೊಂದು ಕಾಣುತ್ತಿದೆ. ನಿನ್ನೆ ರಾತ್ರಿ 11:40ಕ್ಕೆ ನೀರು ಏರಲು ಶುರು. ಬೆಳಗಾಗುವಷ್ಟರಲ್ಲಿ 6 ಸೆಂಟಿಮೀಟರ್. ಒಂದು ಹನಿ ಮಳೆ ಇಲ್ಲ. ಹಳೇ ಡೇಟಾದಿಂದ ಬಿಎಂಪಿ ಆಕಾರದ ಅಲೆ ಕಳೆದು ನೋಡಿದೆ. ಎಂಟು ದಿನದ ಹಿಂದೆಯೂ ಹೀಗೇ ಒಂದು ಮೆಟ್ಟಿಲು. ಅದಕ್ಕೂ ಮುಂಚೆ ಏಳು ದಿನಕ್ಕೆ ಇನ್ನೊಂದು.

ಕಪ್ಪತಗುಡ್ಡ_ಗಾಳಿ, ಶನಿವಾರ ಬೆಳಿಗ್ಗೆ 8:01

ನಾನು ಹೇಳಲಿಲ್ಲವಾ?

ಏಲಕ್ಕಿ_ಹಾವೇರಿ, ಶನಿವಾರ ಬೆಳಿಗ್ಗೆ 8:20

ನಿಮ್ಮ ಓಣಿಗೆ ನಳ ಯಾವತ್ತು ಬರುತ್ತದೆ?

ಪಾರ್ಕಿಂಗ್_ಗೋಳು, ಶನಿವಾರ ಬೆಳಿಗ್ಗೆ 8:31

ನಿನ್ನೆ ರಾತ್ರಿ ಬಂತು. ಹನ್ನೊಂದು ದಾಟಿತ್ತು. ಎಂಟು ದಿನಕ್ಕೊಮ್ಮೆ...

ತಡೆಯಿರಿ.

ಹಳೇ_ಟೇಪು, ಶನಿವಾರ ಬೆಳಿಗ್ಗೆ 9:00

ಬೀದಿಯ ಪೈಪ್ ಒಡೆದಿರಬಹುದು, ನಿಮ್ಮದೇ ನಳದ ನೀರಿನ ಸಂಪಿನ ಗೋಡೆ ಬಿರುಕು ಬಿಟ್ಟಿರಬಹುದು. ತುಂಬಿದ ಮಣ್ಣು ಕುಸಿಯುತ್ತಾ ಇರುತ್ತದೆ, ಪೈಪಿನ ಜಾಯಿಂಟ್ ಬಿಡುತ್ತದೆ. ಮೊದಲು ನಳ ಬಂದ ದಿನವೇ ಸಂಪ್ ತುಂಬಿಸಿ, ವಾಲ್ವ್ ಬಂದ್ ಮಾಡಿ, ರಾತ್ರಿಯಿಡೀ ಯಾರೂ ನೀರು ಎತ್ತದೆ ಇದ್ದರೆ ಸಂಪಿನ ಮಟ್ಟ ಇಳಿಯುತ್ತದಾ ನೋಡು. ಸೀಮೆಸುಣ್ಣ ಇದೆಯಲ್ಲ.

ಎರೆಮಣ್ಣು, ಶನಿವಾರ ಬೆಳಿಗ್ಗೆ 9:25

ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಸುಲಭ. ನಳದಲ್ಲಿ ಬರುವ ಮಲಪ್ರಭೆ ನೀರಿನ ಟಿಡಿಎಸ್ ಕಡಿಮೆ. ತುಂಬಿದ ಮಣ್ಣಿನಲ್ಲಿ ನಿಂತ ನೀರಿನದು ಜಾಸ್ತಿ. ನಳ ಬಂದ ಮರುದಿನ ಕೊಳವೆಯ ಅಂಕಿ ಇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಕ್ಲೋರಿನ್ ಪರೀಕ್ಷೆ ಒಂದನ್ನೇ ನಂಬಬೇಡಿ, ಮಣ್ಣಲ್ಲಿ ಹಾದು ಬರುವಷ್ಟರಲ್ಲಿ ಅದು ಮುಗಿದುಹೋಗಿರಬಹುದು. ಮತ್ತೆ, ಆ ಜಲ್ಲಿ ನೆಲದ ಮಟ್ಟದವರೆಗೆ ತುಂಬಿದ್ದೀರಾ? ಮೇಲಿನ ಎರಡು-ಮೂರು ಅಡಿ ಬೆಂಟೊನೈಟ್ ಜೇಡಿ ಇಲ್ಲದಿದ್ದರೆ ಅಂಗಳ ತೊಳೆದ ನೀರೂ ನೇರ ಒಳಗೆ ಇಳಿಯುತ್ತದೆ. ನಳ ಬಂದ ದಿನ ಎಲ್ಲರೂ ಕಾರು ತೊಳೆಯುತ್ತಾರಲ್ಲ?

ಪಾರ್ಕಿಂಗ್_ಗೋಳು, ಶನಿವಾರ ಬೆಳಿಗ್ಗೆ 9:40

ರಾತ್ರಿ 11:40ಕ್ಕೆ ಯಾರೂ ಕಾರು ತೊಳೆಯುವುದಿಲ್ಲ ಅಕ್ಕಾರ. ಆದರೆ ಜಲ್ಲಿ ಮೇಲಿನವರೆಗೂ ಇದೆ. ನಾಳೆಯೇ ಮೀಟಿಂಗ್. ಸಂಪ್ ನಮ್ಮದೇ ಅಂತಾದರೆ ಕಟ್ಟಿಸಿದ ಕಮಿಟಿ ಅಧ್ಯಕ್ಷರು ನನ್ನ ಅಪ್ಪನೇ.

ಸೋಲ್ಡರ್_ಧಾರವಾಡ, ಶನಿವಾರ ಬೆಳಿಗ್ಗೆ 11:10

ಬಿಚ್ಚಿಟ್ಟ ಹಳೇ ಸೆನ್ಸರ್ ಮಾರುತ್ತೀರಾ? ಏಳನೇ ನೋಡಿಗೆ ಬೇಕಿತ್ತು. ಮೂಗು ನಾನೇ ಬಿಡಿಸಿಕೊಳ್ಳುತ್ತೇನೆ.