ಜಾನ್ ಲಾರ್ಡ್ ಆರ್ಗನ್ನಿನ ಆ ಒರಟು ನಾದ ಬರುವುದು ಹೇಗೆ?

ಪ್ರಶ್ನೆ: ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಅವರ ಆರ್ಗನ್ ಗಿಟಾರಿನಷ್ಟೇ ಗಡುಸಾಗಿ ಕೇಳಿಸುತ್ತದೆ. ನನ್ನ ಕೀಬೋರ್ಡ್‌ಗೆ ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ ಕಾರ್ಡ್‌ಗಳೆಲ್ಲ (ಒಟ್ಟಿಗೆ ಒತ್ತುವ ಸ್ವರಗಳು) ಕಲಸಿಹೋಗುತ್ತವೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1: ಅವರು ಹ್ಯಾಮಂಡ್ ಸಿ3 ಎಂಬ ವಿದ್ಯುತ್ ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಹಾಯಿಸಿದರು. ಗುಟ್ಟು ಅದೇ. ಡಿಸ್ಟಾರ್ಷನ್ ಆದಾಗ ಸ್ವರಗಳ ಕಂಪನಾಂಕಗಳ ಮೊತ್ತ, ವ್ಯತ್ಯಾಸಗಳೂ ಹೊಸ ನಾದಗಳಾಗಿ ಹುಟ್ಟುತ್ತವೆ; ತಗ್ಗು ಸ್ಥಾಯಿಯಲ್ಲಿ ಮೂರು ಸ್ವರ ಒತ್ತಿದರೆ ಕೆಸರು. ಎಡಗೈಯಲ್ಲಿ ಷಡ್ಜ-ಪಂಚಮ ಮಾತ್ರ ಹಿಡಿಯಿರಿ, ಗಾಂಧಾರ ಬಲಗೈಗೆ ಬಿಡಿ. ಡ್ರಾಬಾರ್‌ಗಳಲ್ಲಿ (ನಾದದ ಪದರಗಳನ್ನು ಹೆಚ್ಚು-ಕಡಿಮೆ ಮಾಡುವ ಎಳೆಪಟ್ಟಿಗಳು) ಮೊದಲ ಮೂರು 8, ಉಳಿದವು 0. ಆಮೇಲೂ ಮಸುಕಾದರೆ ಮೊದಲನೆಯದನ್ನು ತಗ್ಗಿಸಿ.

ಉತ್ತರ 2: ಕೀಬೋರ್ಡ್‌ನ ವೆಲಾಸಿಟಿ (ಕೀ ಒತ್ತುವ ರಭಸಕ್ಕೆ ತಕ್ಕಂತೆ ನಾದ ಬದಲಾಗುವುದು) ಆಫ್ ಮಾಡಿ, ಹ್ಯಾಮಂಡ್‌ನಲ್ಲಿ ಅದಿಲ್ಲ. ಪರ್ಕಷನ್ (ಸ್ವರದ ಆರಂಭಕ್ಕೆ 'ಟಕ್' ಎಂಬ ಸದ್ದು ಸೇರಿಸುವ ಸೌಲಭ್ಯ) ಆನ್ ಇದ್ದರೆ ಎಲ್ಲ ಕೀಗಳನ್ನೂ ಬಿಟ್ಟು ಒತ್ತಿದಾಗ ಮಾತ್ರ ಆ 'ಟಕ್' ಬರುತ್ತದೆ, ಒಂಬತ್ತನೇ ಡ್ರಾಬಾರ್ ಮೂಕವಾಗುತ್ತದೆ. ಅದು ಕೆಟ್ಟಿದೆ ಎಂದುಕೊಳ್ಳಬೇಡಿ.

ಉತ್ತರ 3: ಸಲಕರಣೆಯಷ್ಟೇ ಅಲ್ಲ, ಅವರದು ಶಾಸ್ತ್ರೀಯ ಪಿಯಾನೊದ ಕೈ. 1968ರಲ್ಲಿ ಬ್ಯಾಂಡ್ ಶುರು; ಮರುವರ್ಷವೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ತಮ್ಮದೇ ಕನ್ಚರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ)! 1978ರಿಂದ ವೈಟ್‌ಸ್ನೇಕ್ ಬ್ಯಾಂಡ್, 1984ರಲ್ಲಿ ಮತ್ತೆ ಪರ್ಪಲ್, 2002ರಲ್ಲಿ ಬಿಟ್ಟು ಪೂರ್ತಿ ಸಂಗೀತ ರಚನೆಯತ್ತ. ಸೋಲೊಗಳನ್ನು ಮೊದಲು ಡಿಸ್ಟಾರ್ಷನ್ ಇಲ್ಲದೆ, ನಿಧಾನವಾಗಿ ನುಡಿಸಿ ನೋಡಿ. ಬೆರಳುಗಳ ನಡಿಗೆ ಆಗ ತಿಳಿಯುತ್ತದೆ.