ಸಿಡ್ ಬ್ಯಾರೆಟ್ ಕಾಲದ ಪಿಂಕ್ ಫ್ಲಾಯ್ಡ್ ಕಿವಿಗೆ ಹತ್ತುವುದು ಹೇಗೆ?

ಕೇಳಿದವರು: ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಆಲ್ಬಮ್‌ಗಳಲ್ಲಿ 'ಡಾರ್ಕ್ ಸೈಡ್ ಆಫ್ ದ ಮೂನ್', 'ವಿಶ್ ಯು ವರ್ ಹಿಯರ್' ಎರಡೂ ನನಗೆ ಪ್ರಾಣ. ಅದೇ ಧೈರ್ಯದಲ್ಲಿ, ಸಿಡ್ ಬ್ಯಾರೆಟ್ ತಂಡದ ಮುಖ್ಯ ಗಾಯಕರಾಗಿದ್ದಾಗಿನ ಇವರ ಮೊದಲ ಆಲ್ಬಮ್, 1967ರ 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್' ಹಾಕಿದೆ. ಅರ್ಧ ಮಕ್ಕಳ ಹಾಡು, ಇನ್ನರ್ಧ ಗದ್ದಲ ಅನ್ನಿಸಿತು. ಬ್ರಿಟಿಷ್ ಸೈಕೆಡೆಲಿಕ್ ರಾಕ್ (ಅಮಲಿನಂಥ, ಕನಸಿನಂಥ ಅನುಭವ ಕೊಡುವ ರಾಕ್) ಅಂದರೆ ಇದು ಅಂತ ಎಲ್ಲರೂ ಹೊಗಳುತ್ತಾರೆ. ನಿಮಗೆ ಹೇಗೆ ಹಿಡಿಸಿತು? ಎಲ್ಲಿಂದ ಶುರು ಮಾಡಲಿ?

ಹಳೇ ಕ್ಯಾಸೆಟ್: ಮೊದಲು, ಆಮೇಲೆ ತಂಡಕ್ಕೆ ಬಂದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರನ್ನು ಹುಡುಕುವುದು ಬಿಡಿ. ಈ ಆಲ್ಬಮ್‌ನಲ್ಲಿ ಅವರು ಇಲ್ಲವೇ ಇಲ್ಲ. ಇಲ್ಲಿ ಗಿಟಾರ್ ಬ್ಯಾರೆಟ್ ಅವರದು, ಹನ್ನೊಂದರಲ್ಲಿ ಎಂಟು ಹಾಡು ಅವರೊಬ್ಬರೇ ಬರೆದದ್ದು. ಉದ್ದನೆಯ, ಅಳು ತರಿಸುವಂಥ ಗಿಟಾರ್ ಸೋಲೋ (ಒಬ್ಬರೇ ನುಡಿಸುವ ಭಾಗ) ಸಿಗುವುದಿಲ್ಲ. ಅವರಿಗೆ ಬೇಕಾಗಿದ್ದು ನಾದ. ತಂತಿಯ ಮೇಲೆ ಸಿಗರೇಟ್ ಲೈಟರ್ ಜಾರಿಸಿ, ಅದನ್ನು ಬಿನ್ಸನ್ ಎಂಬ ಇಟಲಿಯ ಎಕೋ ಯಂತ್ರದೊಳಗೆ ಹಾಯಿಸುತ್ತಿದ್ದರು. 'ಆಸ್ಟ್ರಾನಮಿ ಡೊಮಿನೆ' ಶುರುವಿನಲ್ಲಿ ಮೆಗಾಫೋನ್‌ನಲ್ಲಿ ಗ್ರಹ ನಕ್ಷತ್ರಗಳ ಹೆಸರು ಹೇಳುವವರು ಮ್ಯಾನೇಜರ್ ಪೀಟರ್ ಜೆನ್ನರ್. ಆ ಹಾಡನ್ನು ಹೆಡ್‌ಫೋನ್ ಹಾಕಿ, ಸ್ವಲ್ಪ ಜೋರಾಗಿ ಕೇಳಿ. ಸಾಹಿತ್ಯದ ಕಡೆ ಗಮನವೇ ಬೇಡ.

ಪುಟ್ಟಿ ಅಮ್ಮ: ನನಗೆ ಉಲ್ಟಾ. ಆ 'ಮಕ್ಕಳ ಹಾಡು'ಗಳಿಂದಲೇ ಇದರೊಳಗೆ ಹೋದೆ. ಆಲ್ಬಮ್‌ನ ಹೆಸರೇ ಕೆನೆತ್ ಗ್ರಹಾಂ ಅವರ 'ದ ವಿಂಡ್ ಇನ್ ದ ವಿಲೋಸ್' ಎಂಬ ಮಕ್ಕಳ ಪುಸ್ತಕದ ಒಂದು ಅಧ್ಯಾಯದ್ದು. ಹಾಗಾಗಿ ಕುಳ್ಳ ನೋಮ್, ಬೆದರುಬೊಂಬೆ, ಸಯಾಮಿ ಬೆಕ್ಕು ಎಲ್ಲ ಸುಮ್ನೆ ಬಂದಿಲ್ಲ. 'ಮಟಿಲ್ಡಾ ಮದರ್' ಕೇಳಿ: ಅಮ್ಮ ಕಥೆ ಓದುತ್ತಾ ನಡುವೆ ನಿಲ್ಲಿಸಿಬಿಡುತ್ತಾಳೆ, ಮಗು ಇನ್ನೂ ಹೇಳು ಅಂತ ಕಾಡುತ್ತದೆ. ತಂಡದ ಕೀಬೋರ್ಡ್ ವಾದಕ ರಿಕ್ ರೈಟ್ ಅವರ ಆರ್ಗನ್ ಅಲ್ಲಿ ಸುತ್ತಿಕೊಳ್ಳುವ ರೀತಿ ನೋಡಿ, ಮುದ್ದಾಗಿದೆ, ಜೊತೆಗೆ ಸ್ವಲ್ಪ ಭಯವೂ ಆಗುತ್ತದೆ. ಕೊನೆಯ 'ಬೈಕ್' ಇನ್ನೂ ಮಜಾ. ಹುಡುಗಿಗೆ ಸೈಕಲ್ ತೋರಿಸುತ್ತಾನೆ, ಮೇಲಂಗಿ ತೋರಿಸುತ್ತಾನೆ, ಮನೆಯಿಲ್ಲದ ಇಲಿಯನ್ನೂ ಪರಿಚಯಿಸುತ್ತಾನೆ. ಆಮೇಲೆ ಪಕ್ಕದ ಕೋಣೆಗೆ ಕರೆಯುತ್ತಾನೆ. ಬಾಗಿಲು ತೆರೆದರೆ ಗಡಿಯಾರ, ಗಂಟೆ, ಟೇಪಿನ ವಿಚಿತ್ರ ಕೂಗು! ನೀವು ಹೇಳಿದ ಎರಡು ಅರ್ಧಗಳು ಅಲ್ಲಿ ಒಂದಾಗುತ್ತವೆ, ಅಲ್ವಾ?

ಕಛೇರಿ ಕೇಳುವವ: ಗದ್ದಲದ ಬಗ್ಗೆ ನಾನು ಹೇಳುತ್ತೇನೆ. ಸುಮಾರು ಒಂಬತ್ತೂವರೆ ನಿಮಿಷದ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ನನಗೆ ದಾರಿ ಕೊಟ್ಟದ್ದು ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಪಲ್ಲವಿ ಕೇಳಿದ ಅಭ್ಯಾಸದಿಂದ. ಒಂದು ಸಾಲು ಬರುತ್ತದೆ, ನಾಲ್ವರೂ ಅದನ್ನು ಬಿಟ್ಟು ಎಲ್ಲೋ ಅಲೆಯುತ್ತಾರೆ, ಕೊನೆಗೆ ಅದೇ ಸಾಲಿಗೆ ಮರಳುತ್ತಾರೆ. ಆ ಸಾಲನ್ನು ಬಾಯಲ್ಲಿ ಗುನುಗುವಷ್ಟು ಕಲಿತುಕೊಳ್ಳಿ. ಆಮೇಲೆ ಗದ್ದಲ ಗದ್ದಲವಾಗಿ ಕೇಳಿಸುವುದಿಲ್ಲ.

ಹಳೇ ಕ್ಯಾಸೆಟ್: ಸಾರ್, ಪಲ್ಲವಿಯಲ್ಲಿ ತಾಳ ಕೈಬಿಡುವುದಿಲ್ಲ. ಇಲ್ಲಿ ನಡುವೆ ಲಯವೇ ಕರಗಿಹೋಗುತ್ತದೆ, ಅದೇ ಅದರ ಸುಖ. ಲಂಡನ್ನಿನ ಯುಎಫ್ಒ ಕ್ಲಬ್ಬಿನಲ್ಲಿ ಬಣ್ಣದ ಬೆಳಕಿನಡಿ ಇವರು ಗಂಟೆಗಟ್ಟಲೆ ಹೀಗೇ ನುಡಿಸುತ್ತಿದ್ದರು. ಸ್ಟುಡಿಯೋದಲ್ಲಿ ನಿರ್ಮಾಪಕ ನಾರ್ಮನ್ ಸ್ಮಿತ್ ಅವರಿಗೆ ಚಿಕ್ಕ, ಅಚ್ಚುಕಟ್ಟಾದ ಹಾಡು ಬೇಕಿತ್ತು. ಅವರು ಬೀಟಲ್ಸ್ ಜೊತೆ ಎಂಜಿನಿಯರ್ ಆಗಿದ್ದವರು. ಈ ಎಳೆದಾಟ ಆಲ್ಬಮ್ ಪೂರ್ತಿ ಕೇಳಿಸುತ್ತದೆ. ಅದೇ ಹೊತ್ತಿಗೆ ಅದೇ ಆ್ಯಬಿ ರೋಡ್ ಸ್ಟುಡಿಯೋ ಕಟ್ಟಡದಲ್ಲಿ ಬೀಟಲ್ಸ್ ತಮ್ಮ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ ಮಾಡುತ್ತಿದ್ದರು. ನನ್ನ ಮಟ್ಟಿಗೆ ಎರಡರಲ್ಲಿ 'ಪೈಪರ್' ಹೆಚ್ಚು ಹುಚ್ಚು. ಬೈಯುವವರು ಬೈಯಿರಿ.

ಕೇಳಿದವರು: ಯಾವ ಆವೃತ್ತಿ ಕೇಳಬೇಕು? ಮಾನೋ (ಎಲ್ಲ ಶಬ್ದವೂ ಒಂದೇ ಚಾನೆಲ್‌ನಲ್ಲಿ), ಸ್ಟೀರಿಯೋ (ಎಡ-ಬಲ ಬೇರೆಬೇರೆ) ಎರಡೂ ಕಾಣಿಸುತ್ತಿವೆ.

ಪುಟ್ಟಿ ಅಮ್ಮ: ಚಿಕ್ಕ ಹಾಡುಗಳಿಗೆ ಮಾನೋ, ಗಟ್ಟಿಯಾಗಿದೆ. 2007ರ ನಲವತ್ತನೇ ವರ್ಷದ ಸೆಟ್‌ನಲ್ಲಿ ಎರಡೂ ಇವೆ. 'ಓವರ್‌ಡ್ರೈವ್' ಮಾತ್ರ ಸ್ಟೀರಿಯೋದಲ್ಲೇ ಕೇಳಿ, ಕೊನೆಯಲ್ಲಿ ಶಬ್ದ ಎಡಕ್ಕೂ ಬಲಕ್ಕೂ ಓಲಾಡುವುದು ಮಾನೋದಲ್ಲಿ ಸಿಗುವುದಿಲ್ಲ. 1967ರ ಅಮೆರಿಕದ ಎಲ್‌ಪಿ ಎಲ್ಲಾದರೂ ಸಿಕ್ಕರೆ ಹಿಂಬದಿ ಓದಿ ತಗೊಳ್ಳಿ. ಅದರಲ್ಲಿ ಬೇರೆಯಾಗಿ ಬಂದಿದ್ದ 'ಸೀ ಎಮಿಲಿ ಪ್ಲೇ' ಹಾಡನ್ನು ಸೇರಿಸಿದ್ದಾರೆ, ಆದರೆ 'ಆಸ್ಟ್ರಾನಮಿ ಡೊಮಿನೆ'ಯೂ ಇಲ್ಲ, 'ಬೈಕ್' ಕೂಡ ಇಲ್ಲ.